ಕೂತವಳ ಎತ್ತರ

ಮಾರ್ಚ್ 3, ಸೋಮವಾರ

ಹೊಲಿಗೆ ಯಂತ್ರದ ಸೂಜಿಯಲ್ಲಿ ಇನ್ನೂ ನೀಲಿ ದಾರ ಇದೆ. ಬೆಳಿಗ್ಗೆ ಕಿಟಕಿ ತೆಗೆದಾಗ ಕಂಡಿತು. ಅಜ್ಜಿ ಹೋಗಿ ಇಂದಿಗೆ ಏಳು ದಿನ. ಅಷ್ಟರಲ್ಲಿ ನಾವೆಲ್ಲ ಆ ಕೋಣೆಗೆ ಹತ್ತಾರು ಸಲ ಹೋಗಿ ಬಂದಿದ್ದೇವೆ, ಯಾರಿಗೂ ಕಂಡಿಲ್ಲ. ಕೆಲಸ ಮುಗಿದ ಮೇಲೆ ಸೂಜಿಯಲ್ಲಿ ದಾರ ಬಿಡುವವಳಲ್ಲ ಅಜ್ಜಿ. ಅಂದರೆ ಕೆಲಸ ಮುಗಿದಿರಲಿಲ್ಲ.

ಆದರೆ ನೀಲಿ ಬಟ್ಟೆ ಎಲ್ಲೂ ಇಲ್ಲ. ಗಿರಾಕಿಗಳ ಬಟ್ಟೆಯನ್ನೆಲ್ಲ ಅಮ್ಮ ಮೊನ್ನೆಯೇ ಗಂಟು ಕಟ್ಟಿ ಹಿಂದಿರುಗಿಸಿದಳು. ಎರಡು ಬೂದು ಲಂಗ, ಒಂದು ಬಿಳಿ ಅಂಗಿ, ಹೆಡ್‌ಮಿಸ್ಸಿನ ಕಂದು ಕೋಟು. ಅಷ್ಟೇ.

ಸಂಜೆ ಮಾವ ಕರೆದರು. ಹದಿನಾರನೇ ತಾರೀಖು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಶಾಲೆಯ ಸಭಾಂಗಣದಲ್ಲಿ ಅಜ್ಜಿಯ ನೆನಪಿನ ಸಭೆ. ಮೂವತ್ತೈದು ವರ್ಷ ಆ ಶಾಲೆಯ ಸಮವಸ್ತ್ರ ಹೊಲಿದವಳು ಎಂದು ಹೆಡ್‌ಮಿಸ್ಸೇ ಜಾಗ ಕೊಟ್ಟಿದ್ದಾರೆ.

"ನೀನು ಸಾಹಿತ್ಯ ಓದಿದೀಯಲ್ಲ, ಎರಡು ಪುಟ ಬರೆದುಕೊಡು. ನಾನು ಓದ್ತೀನಿ. ಕೇಳಿದವರಿಗೆ ಅಳು ಬರಬೇಕು. ಆದ್ರೆ ಜಾಸ್ತಿ ಬೇಡ."

ಓದುವ ಕೆಲಸ ನನ್ನದಲ್ಲವಲ್ಲ ಎಂದು ಜೀವ ತಣ್ಣಗಾಯಿತು. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನನ್ನ ಹೆಸರು ಹೇಳುವುದಕ್ಕೇ ನನಗೆ ದನಿ ಬಂದಿರಲಿಲ್ಲ.

ಮಾರ್ಚ್ 4, ಮಂಗಳವಾರ

ನೆನಪಿಗೆ ಬಂದಂತೆ ಬರೆದುಕೊಳ್ಳುತ್ತಿದ್ದೇನೆ. ಆಮೇಲೆ ಜೋಡಿಸಿದರಾಯಿತು.

ಅಜ್ಜಿ ಮೂವತ್ತೊಂದನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡಳು. ಯಂತ್ರ ಅದೇ ವರ್ಷ ಬಂತು. ಶಾಲೆ ಶುರುವಾಗುವ ಹಿಂದಿನ ತಿಂಗಳು ಊಟದ ಮೇಜು ಅವಳದು. ಅದರ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು, ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಹಲ್ಲು ಬಿಡದೆ ಆಡಿದ ಆ ಮಾತು ಮನೆಯವರಿಗೆ ಬಿಟ್ಟು ಇನ್ಯಾರಿಗೂ ಅರ್ಥವಾಗುತ್ತಿರಲಿಲ್ಲ. ಬೈದರೂ ಅಷ್ಟೇ, ಮುದ್ದಿಸಿದರೂ ಅಷ್ಟೇ. ಕೈಯಲ್ಲಿ ಕಾಸಿಲ್ಲದವರ ಮಕ್ಕಳ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಡುತ್ತಿದ್ದಳು, ಮೂರು ವರ್ಷ ಬಿಚ್ಚಿ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. ತನಗಾಗಿ ಒಂದು ಅಂಗಿ ಹೊಲಿದುಕೊಂಡದ್ದನ್ನು ನಾನು ಕಾಣೆ. ಮಾವ ಹೊಸ ಬಟ್ಟೆ ತಂದುಕೊಟ್ಟರೆ ಅದನ್ನು ಅಮ್ಮನಿಗೆ ಹೊಲಿದುಬಿಡುತ್ತಿದ್ದಳು.

ಮಾವ ಹದಿನೈದಕ್ಕೇ ಶಾಲೆ ಬಿಟ್ಟು ಗೋದಾಮಿನಲ್ಲಿ ದುಡಿಯಲು ನಿಂತವರು. ನನಗೆ ಎರಡು ವರ್ಷವಾದಾಗ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಈ ಮನೆಗೆ ಕರೆತಂದವರೂ ಅವರೇ. ಅದನ್ನೂ ಬರೆಯಬೇಕು. ಅವರು ಓದುವಾಗ ತಮ್ಮ ಬಗ್ಗೆ ತಾವೇ ಓದಿಕೊಳ್ಳುವ ಹಾಗಾಗುತ್ತದೆ, ಹೇಗೋ ಏನೋ.

ಬರೆಯುತ್ತಾ ಕೂತಿದ್ದಾಗ ಒಂಬತ್ತು ನಲವತ್ತರ ಬಸ್ಸು ಎರಡು ಸಲ ಹಾರ್ನ್ ಹೊಡೆದುಕೊಂಡು ಹೋಯಿತು. ಮನೆ ಮುಂದೆ ತಿರುವು ಇದೆ. ಅಜ್ಜಿ ಆ ಹೊತ್ತಿಗೆ ಯಂತ್ರದ ಚಕ್ರದ ಮೇಲಿಂದ ಕೈ ತೆಗೆದು ಸ್ವಲ್ಪ ಹೊತ್ತು ಮೇಲೆತ್ತಿ ಹಿಡಿಯುತ್ತಿದ್ದಳು. ಕೈ ಜೋಮು ಹಿಡಿಯುತ್ತದೇನೋ ಅಂದುಕೊಂಡಿದ್ದೆ.

ಮಾರ್ಚ್ 6, ಗುರುವಾರ

ನೀಲಿ ಬಟ್ಟೆ ಸಿಕ್ಕಿತು. ಅಜ್ಜಿಯ ಕುರ್ಚಿಯ ದಿಂಬಿನ ಅಡಿಯಲ್ಲಿ. ಅದರ ಮೇಲೇ ಕೂತಿದ್ದಳು!

ಗೌನು. ತೋಳು ಹೊಲಿದಾಗಿದೆ, ಸೊಂಟ ಆಗಿದೆ, ಕೆಳಗಿನ ಅಂಚಿಗೆ ಬರಿಯ ಕಚ್ಚಾ ಹೊಲಿಗೆ. ಮೈಗೆ ಹಿಡಿದು ನೋಡಿದೆ, ನನ್ನದೇ ಅಳತೆ. ಆಗ ನೆನಪಾಯಿತು. ಹೋದ ತಿಂಗಳು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸುತ್ತ ಸೂಜಿ ಚುಚ್ಚಿದ್ದಳು.

"ಯಾರಿಗಜ್ಜಿ?"

"ಗಿರಾಕಿ. ನಿನ್ನಷ್ಟೇ ಇದಾಳೆ. ಅಲ್ಲಾಡಬೇಡ ಗೊಂಬೆ."

ಗೊಂಬೆ ಎಂದು ನನ್ನನ್ನು ಕರೆಯುವುದೇ ಅದಕ್ಕೆ. ಐದು ವರ್ಷದವಳಿದ್ದಾಗಿನಿಂದ ಪ್ರತಿ ವರ್ಷ ಇದೇ ಹೊತ್ತಿಗೆ ಒಂದು ಸಲ ಸ್ಟೂಲು ಹತ್ತಿಸುತ್ತಿದ್ದಳು. ಹಳದಿ ಫ್ರಾಕು, ಹಸಿರು ಫ್ರಾಕು, ಒಂದು ವರ್ಷ ಬೆಳ್ಳಿ ಗುಂಡಿಯ ಕೆಂಪು ಜಾಕೆಟ್ಟು. ಎಲ್ಲವೂ ನನಗೆ ಸರಿಯಾಗಿ ಕೂರುತ್ತಿದ್ದವು, ಯಾವುದೂ ನನ್ನದಾಗುತ್ತಿರಲಿಲ್ಲ. ಕೆಂಪು ಜಾಕೆಟ್ಟಿಗೆ ಎರಡು ದಿನ ಅತ್ತಿದ್ದೆ.

ಅಡುಗೆಮನೆಗೆ ಹೋಗಿ ಅಮ್ಮನಿಗೆ ತೋರಿಸಿದೆ. ಈರುಳ್ಳಿ ಹೆಚ್ಚುತ್ತಿದ್ದವಳ ಚಾಕು ನಿಂತಿತು.

"ಎಲ್ಲಿತ್ತೋ ಅಲ್ಲೇ ಇಟ್ಟುಬಿಡು. ಮಾವನ ಕಣ್ಣಿಗೆ ಬೀಳಬಾರದು."

"ಯಾಕಮ್ಮ? ಗಿರಾಕಿ ಯಾರು?"

"ಈರುಳ್ಳಿ ಕಣ್ಣಿಗೆ ಹೊಡೀತಿದೆ. ಹೋಗು ನೀನು."

ಮಾರ್ಚ್ 8, ಶನಿವಾರ

ಮೊದಲ ಕರಡನ್ನು ಮಾವ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟರು. ಗುಂಡುಸೂಜಿಯ ಮಾತಿಗೆ ಅಡ್ಡಗೀಟು. ನೆಲದ ಮೇಲೆ ಉಂಡದ್ದಕ್ಕೂ ಅಡ್ಡಗೀಟು ("ನಮಗೇನು ಮೇಜಿರಲಿಲ್ವಾ ಅಂತಾರೆ"). 'ತ್ಯಾಗಮಯಿ' ಎಂದು ಮೂರು ಕಡೆ ಸೇರಿಸಿದ್ದಾರೆ. ಕೊನೆಗೆ ಒಂದು ಸಾಲು: 'ಒಬ್ಬ ಮಗ, ಒಬ್ಬ ಮಗಳು, ಒಬ್ಬಳೇ ಮೊಮ್ಮಗಳನ್ನು ಅಗಲಿದ್ದಾರೆ.' ಆಮಂತ್ರಣದ ಕಾರ್ಡಿನಲ್ಲೂ ಅದೇ ಅಚ್ಚಾಗಿದೆ. ಮಾವನಿಗೂ ಅತ್ತೆಗೂ ಮಕ್ಕಳಿಲ್ಲ, ಹಾಗಾಗಿ ಆ ಒಬ್ಬಳು ನಾನು.

ಅಜ್ಜಿಯ ಅಳತೆ ಪುಸ್ತಕ ತಿರುವಿದೆ. ಪ್ರತಿ ಪುಟದ ತಲೆಯಲ್ಲಿ ಗಿರಾಕಿಯ ಹೆಸರು. ಒಂದು ಪುಟಕ್ಕೆ ಮಾತ್ರ ತಲೆಯೇ ಇಲ್ಲ. ಬರಿಯ ಇಸವಿ, ಎದುರಿಗೆ ಎದೆ, ಸೊಂಟ, ಉದ್ದ. ಹದಿನೆಂಟು ಸಾಲು. ಟೇಪು ಸುತ್ತಿ ನನ್ನನ್ನೇ ಅಳೆದುಕೊಂಡೆ, ಕೊನೆಯ ಸಾಲು ನಾನೇ.

ಹೊಲಿದದ್ದು ನನ್ನ ಅಳತೆಗೆ, ಆದರೆ ನನಗಲ್ಲ. ಹಾಗಾದರೆ ಯಾರಿಗೆ?

ಮಾರ್ಚ್ 11, ಮಂಗಳವಾರ

ಮೂರು ದಿನ ಯೋಚಿಸಿ ಇವತ್ತು ಗುಂಡಿ ಅಂಗಡಿಗೆ ಹೋದೆ. ಅಜ್ಜಿ ದಾರ, ಗುಂಡಿ, ಲೈನಿಂಗ್ ತರುತ್ತಿದ್ದದ್ದು ಅಲ್ಲಿಂದಲೇ. ಅಂಗಡಿಯ ತಾತ ಅವಳಿಗಿಂತ ಎರಡು ವರ್ಷ ಚಿಕ್ಕವರು. ನೀಲಿ ಗೌನು ಚೀಲದಲ್ಲಿತ್ತು. ಬಾಗಿಲಲ್ಲಿ ನಿಂತು, ಒಳಗಿದ್ದ ಇಬ್ಬರು ಹೋಗುವವರೆಗೂ ಕಾದೆ.

ತಾತ ಗೌನಿನ ಅಂಚು ಹಿಡಿದು ನೋಡಿದರು. "ಈ ವರ್ಷದ್ದು ಇದೇನಾ? ಪ್ರತಿ ವರ್ಷ ಪೊಟ್ಟಣ ಕಟ್ಟಿ ಇಲ್ಲಿ ಇಟ್ಟು ಹೋಗ್ತಿದ್ರು ನಿಮ್ಮಜ್ಜಿ. ವಾರದೊಳಗೆ ನಿಮ್ಮ ಚಿಕ್ಕಮ್ಮ ಬಂದು ಒಯ್ತಿದ್ರು."

"ನನಗೆ ಚಿಕ್ಕಮ್ಮ ಇಲ್ಲ."

"ಹೌದಾ?" ಎಂದು ತಾತ ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕತೊಡಗಿದರು. ಬಿಳಿ, ಬಿಳಿ, ಕಪ್ಪು. ನಾನು ಅಲ್ಲಾಡದೆ ನಿಂತೇ ಇದ್ದೆ. "ಇಲ್ಲದೇ ಇರೋರ ವಿಳಾಸ ಬೇಕೇನಮ್ಮಾ?" ಎಂದರು ಕೊನೆಗೆ.

ಮನೆಗೆ ಬಂದು ಅಮ್ಮನ ಮುಂದೆ ತಾತ ಬರೆದುಕೊಟ್ಟ ಚೀಟಿ ಇಟ್ಟೆ. ಅಮ್ಮ ನಲ್ಲಿ ಜೋರಾಗಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಹೇಳಿದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಮಾವ ತಮ್ಮ ಮಾಲೀಕರ ತಮ್ಮನಿಗೆ ಚಿಕ್ಕಮ್ಮನನ್ನು ಕೊಡುವುದೆಂದು ಮಾತು ಕೊಟ್ಟಿದ್ದರು. ಮದುವೆಗೆ ಮೂರು ದಿನ ಇರುವಾಗ ಚಿಕ್ಕಮ್ಮ ಬಸ್ ಡ್ರೈವರ್ ಜೊತೆ ಹೊರಟುಹೋದಳು. ಮಾಲೀಕರು ಗೋದಾಮಿನಲ್ಲಿ ಎಲ್ಲರೆದುರು ಮಾವನನ್ನು ಬಾಗಿಲ ಹೊರಗೆ ನಿಲ್ಲಿಸಿದರಂತೆ. ಆ ಸಂಜೆ ಮಾವ ಹೇಳಿದ್ದು ಒಂದೇ ಮಾತು. "ಅವಳ ಹೆಸರು ಎತ್ತಿದವರು ಅವಳ ಹಿಂದೇನೇ ಹೋಗಬಹುದು."

"ಅಜ್ಜಿ ಎತ್ತಲಿಲ್ವಾ?"

"ಅವನು ಹದಿನೈದಕ್ಕೇ ನಮ್ಮನ್ನೆಲ್ಲ ಹೊತ್ತವನು ಕಣೇ. ಅಮ್ಮನಿಗೆ ಅವನೂ ಮಗನೇ ಅಲ್ವಾ? ಹೆಸರು ಎತ್ತಲಿಲ್ಲ. ಹೊಲಿದಳು."

"ನೀನು?"

ಅಮ್ಮ ನಲ್ಲಿ ನಿಲ್ಲಿಸಿದಳು. "ನಮಗೆ ಬೇರೆ ಸೂರು ಎಲ್ಲಿತ್ತು?"

ಆಲ್ಬಮ್ಮಿನಲ್ಲಿ ಫೋಟೋ ಇಲ್ಲದೆ ಅಂಟಿನ ಕಲೆ ಮಾತ್ರ ಇರುವ ಪುಟಗಳಿವೆ. ಫೋಟೋ ತಾನಾಗಿ ಬಿದ್ದುಹೋಗಿದೆ ಎಂದುಕೊಂಡು ಬೆಳೆದೆ. ಸಾಹಿತ್ಯ ಓದಿದವಳು ನಾನು, ಸಾಲುಗಳ ನಡುವೆ ಓದುವುದನ್ನು ಕಲಿತವಳು!

ಮಾರ್ಚ್ 12, ಬುಧವಾರ

ಎರಡು ಬಸ್ಸು ಬದಲಿಸಿ ಹೋದೆ. ಡಿಪೋ ಹಿಂದಿನ ವಸತಿಗೃಹ, ಮೂರನೇ ಮಹಡಿ. ಕರೆಗಂಟೆ ಒತ್ತಿದೆ. ಬಾಗಿಲು ತೆಗೆದವಳು ನನಗಿಂತ ಒಂದು ತಲೆ ಎತ್ತರ, ಒದ್ದೆ ಕೂದಲು, ಕುತ್ತಿಗೆಯಲ್ಲಿ ಸೀಟಿ. ಈಜು ಕಲಿಸುತ್ತಾಳಂತೆ. ನನ್ನನ್ನೂ ಚೀಲದಿಂದ ಇಣುಕುತ್ತಿದ್ದ ನೀಲಿಯನ್ನೂ ನೋಡಿದಳು.

"ಅಮ್ಮಾ! ಆ ಕುಳ್ಳಿ ಬಂದಿದಾಳೆ."

ಚಿಕ್ಕಮ್ಮ ಒಳಗಿನಿಂದ ಓಡಿ ಬಂದಳು. ಅವಳನ್ನು ನಾನು ನೋಡಿದ್ದೇನೆ. ಅಜ್ಜಿಯನ್ನು ಒಯ್ದ ದಿನ ನಮ್ಮ ಮನೆ ಎದುರಿನ ಔಷಧಿ ಅಂಗಡಿಯ ಸೂರಿನಡಿ, ಖಾಲಿ ಕೈಚೀಲವನ್ನು ಎದೆಗೊತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಔಷಧಿಗೆ ಬಂದವರು ಯಾರೋ ಅಂದುಕೊಂಡಿದ್ದೆ. ರಸ್ತೆ ದಾಟಲು ಅವಳಿಗೆ ಇಪ್ಪತ್ತು ಹೆಜ್ಜೆ ಸಾಕಿತ್ತು.

ಅಜ್ಜಿಯದೇ ಕೈ ಚಿಕ್ಕಮ್ಮನಿಗೆ, ತೋರುಬೆರಳು ಸ್ವಲ್ಪ ಸೊಟ್ಟ. ಆ ಕೈಯಿಂದ ಗೌನು ತೆಗೆದುಕೊಂಡು ಮೊದಲು ಕೆಳಗಿನ ಮಡಿಕೆ ಹುಡುಕಿದಳು.

"ನೋಡು, ನಾಲ್ಕೇ ಬೆರಳು ಬಿಟ್ಟಿದಾಳೆ. ಈ ಸಲಾನೂ ಸಾಲದು."

ತಂಗಿ (ಹಾಗೇ ಬರೆಯುತ್ತೇನೆ, ನನಗಿಂತ ಆರು ತಿಂಗಳು ಚಿಕ್ಕವಳು) ನಕ್ಕಳು. "ಒಂದಾದ್ರೂ ನನಗೆ ಸರಿ ಬಂದಿದ್ರೆ ಕೇಳು! ಯಾವಾಗಲೂ ಮೊಣಕಾಲ ಮೇಲೆ. ಅಮ್ಮ ಮಡಿಕೆ ಬಿಚ್ಚಿ, ಬೇರೆ ಬಟ್ಟೆ ಜೋಡಿಸಿ... ಅಷ್ಟು ವರ್ಷ ನಿನ್ನನ್ನ ಬೈಕೊಂಡೇ ಬೆಳೆದಿದೀನಿ. ಯಾರೇ ಆ ಕುಳ್ಳಿ, ಒಂಚೂರು ಬೆಳೀಬಾರ್ದಾ ಅಂತ."

"ಅಜ್ಜಿ ನಿನ್ನ ನೋಡೇ ಇರಲಿಲ್ವಾ?"

"ನೋಡಿದಾರಲ್ಲ. ಪ್ರತಿ ಮಂಗಳವಾರ, ಅಪ್ಪನ ಬಸ್ಸಲ್ಲಿ. ನಿಮ್ಮ ಮನೆ ಮುಂದೆ ಅಪ್ಪ ನಿಧಾನ ಮಾಡಿ ಎರಡು ಹಾರ್ನ್ ಹೊಡೀತಿದ್ರು. ಅಮ್ಮ, ನಾನು ಎಡಗಡೆ ಕಿಟಕಿ. ಅಜ್ಜಿ ಕೈ ಎತ್ತೋರು. ಶಾಲೆ ಶುರುವಾದ ಮೇಲೆ ರಜೆಯಲ್ಲಿ ಮಾತ್ರ ಹೋಗ್ತಿದ್ದೆ. ಸೀಟಲ್ಲಿ ಕೂತವಳ ಎತ್ತರ ಕಿಟಕಿಯಿಂದ ಹೆಂಗೆ ಗೊತ್ತಾಗ್ಬೇಕು ಹೇಳು?"

ಹೊಲಿಗೆಯಲ್ಲಿ ನೂಲಿನೆಳೆಯಷ್ಟೂ ತಪ್ಪದವಳು ಇದೊಂದರಲ್ಲಿ ಪ್ರತಿ ವರ್ಷ ತಪ್ಪಿದಳು, ಎದುರಿಗಿದ್ದ ಮೊಮ್ಮಗಳ ಮೇಲೆ ಎದುರಿಗಿಲ್ಲದ ಮೊಮ್ಮಗಳನ್ನು ಅಳೆದು. ಉದ್ದ ಸಾಲದು ಎಂದು ಇವರು ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ ಎಂದು ಕೇಳಿದೆ.

"ಹೇಳಿದ್ರೆ ಅವಳಿಗೆ ಗೊತ್ತಾಗೋದು," ಎಂದಳು ಚಿಕ್ಕಮ್ಮ, "ಮೊಮ್ಮಗಳು ಎಷ್ಟು ಬೆಳೆದ್ಲು, ತಾನು ಎಷ್ಟು ನೋಡಲಿಲ್ಲ ಅಂತ."

ತಂಗಿ ಕಪಾಟು ತೆಗೆದು ತೋರಿಸಿದಳು. ಹದಿನೇಳೂ ಇವೆ. ಎಲ್ಲದರ ಕೆಳಗೂ ಬೇರೆ ಬಣ್ಣದ ಅಂಚು. ಕೆಂಪು ಜಾಕೆಟ್ಟನ್ನು ಮುಟ್ಟಿ ನೋಡಿದೆ.

ಹೊರಡುವಾಗ ಭಾನುವಾರದ ಸಭೆಯ ವಿಷಯ ಹೇಳಿದೆ. ಬನ್ನಿ ಅಂದೆ. ಚಿಕ್ಕಮ್ಮ ಗೌನು ಮಡಿಸುತ್ತಾ ಕೇಳಿದಳು. "ಕರೀತಿರೋದು ಯಾರು? ನೀನಾ, ಅಣ್ಣಾನಾ?"

ಆ ಪ್ರಶ್ನೆ ಹೊತ್ತುಕೊಂಡೇ ಮೆಟ್ಟಿಲಿಳಿದೆ. ದಾರಿಯುದ್ದಕ್ಕೂ ಕಾಡಿತು.

ಮಾರ್ಚ್ 14, ಶುಕ್ರವಾರ

ಗುಂಡುಸೂಜಿಯನ್ನು ವಾಪಸ್ ಹಾಕಿದೆ. ನೆಲದ ಮೇಲಿನ ಊಟವನ್ನೂ. 'ತ್ಯಾಗಮಯಿ'ಗಳನ್ನು ತೆಗೆದೆ. ಕೊನೆಯ ಸಾಲನ್ನು ಹೀಗೆ ಮಾಡಿದೆ: 'ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಮೊಮ್ಮಕ್ಕಳು.' ಅದನ್ನು ಮಾವನ ಕೈಗೇ ಕೊಟ್ಟೆ.

ಅವರು ಮೊದಲಿನಿಂದ ಓದಿದರು. ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದರು. ಅತ್ತೆ ಎದ್ದು ಒಳಗೆ ಹೋದಳು. ಬಾಗಿಲಲ್ಲಿದ್ದ ಅಮ್ಮ ಅಲ್ಲೇ ನಿಂತಳು.

"ಯಾರು ಹೇಳಿದ್ದು?"

"ಬಟ್ಟೆ."

"ಹುಷಾರಾಗಿ ಮಾತಾಡು."

"ಅಜ್ಜಿ ಅವರಿಗೆ ಪ್ರತಿ ವರ್ಷ ಹೊಲೀತಿದ್ಳು, ಮಾವ. ನಿಮಗೆ ಗೊತ್ತಾಗದ ಹಾಗೆ."

ಅವರು ನಕ್ಕ ಹಾಗೆ ಕಂಡಿತು, ನಗುವಲ್ಲ. "ಗೊತ್ತಾಗದ ಹಾಗೆ? ಇಷ್ಟು ಸಣ್ಣ ಮನೆ. ಮಿಷನ್ನಿನ ಸದ್ದು ನನ್ನ ಕಿವಿಗೆ ಬೀಳ್ತಿರಲಿಲ್ಲ ಅಂದ್ಕೊಂಡ್ಯಾ? ಮಂಗಳವಾರದ ಹಾರ್ನು? ಎಲ್ಲಾ ಕೇಳಿಸ್ತಿತ್ತು. ಕೇಳಿಸದವನ ಹಾಗೆ ಇದ್ದೆ. ಅಮ್ಮನಿಗೆ ನಾನು ಕೊಟ್ಟ ಮರ್ಯಾದೆ ಅದು."

"ಹಾಗಾದ್ರೆ ಈಗ..."

"ಹೊಲಿದಿದ್ದು ಬೇರೆ. ಐವತ್ತು ಜನರ ಮುಂದೆ ಓದೋದು ಬೇರೆ. ಒಂದು ಸಲ ಎಲ್ಲರೆದುರು ಬಾಗಿಲ ಹೊರಗೆ ನಿಂತಿದೀನಿ. ಇನ್ನೊಂದು ಸಲ ನಿಲ್ಲಿಸಬೇಡ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಮುಂದೆ ಇಟ್ಟರು. "ಆ ಸಾಲು ಸಭೆಯಲ್ಲಿ ಬಂದ್ರೆ, ಆಮೇಲೆ ಈ ಮನೇಲಿ ಹೇಗಿರೋದು ಅಂತ ನಿನ್ನಮ್ಮನ ಜೊತೆ ಕೂತು ಮಾತಾಡ್ಕೋ."

ಊಟಕ್ಕೆ ಯಾರೂ ಸರಿಯಾಗಿ ಕೂರಲಿಲ್ಲ. ಮೇಜಿನ ಮೇಲೆ ಈಗ ಬಟ್ಟೆ ಹರಡಿಲ್ಲ, ನಾಲ್ಕೂ ಜನಕ್ಕೆ ಜಾಗವಿದೆ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಮಾವ ಅಜ್ಜಿಯ ಕೋಣೆಗೆ ಬಂದರು. ಗಡ್ಡ ಹೆರೆದಿರಲಿಲ್ಲ. ತಾವು ತಿದ್ದಿದ ಹಳೆಯ ಕರಡನ್ನು ಯಂತ್ರದ ಮೇಲಿಟ್ಟರು.

"ನೀನೇ ಓದು. ಗಟ್ಟಿಯಾಗಿ ಓದಿ ನೋಡಿದೆ, ಮೊದಲ ಸಾಲೇ ದಾಟಲಿಲ್ಲ. ನನ್ನ ಕೈಲಾಗಲ್ಲ."

"ನಾನಾ?"

"ಇನ್ಯಾರು? ಇದನ್ನೇ ಓದು. ನಿನ್ನ ನಂಬಿದೀನಿ."

ಹೋದವರು ಬಾಗಿಲಲ್ಲಿ ನಿಂತು, ಸೂಜಿಯ ನೀಲಿ ದಾರವನ್ನು ನೋಡಿದರು. ತೆಗಿ ಎನ್ನಲಿಲ್ಲ.

ಬೈದಿದ್ದರೆ ಎಷ್ಟೋ ಸುಲಭವಿತ್ತು.

ಮಧ್ಯಾಹ್ನ ಶಾಲೆಗೆ ಹೋಗಿ ಸಭಾಂಗಣ ನೋಡಿದೆ. ಮುಂದಿನ ಸಾಲಿನಲ್ಲಿ ಮನೆಯವರಿಗೆಂದು ನಾಲ್ಕು ಕುರ್ಚಿ ಬೇರೆಯಾಗಿ ಇಟ್ಟಿದ್ದಾರೆ, ಮಾವ ಹೇಳಿದ್ದಂತೆ. ಹೆಡ್‌ಮಿಸ್ಸು ಮೈಕಿನ ಮುಂದೆ ನನ್ನನ್ನು ನಿಲ್ಲಿಸಿ ನೋಡಿ, "ನಿನಗೆ ಒಂದು ಸ್ಟೂಲು ಬೇಕಮ್ಮ" ಎಂದರು. ಮನೆಯಲ್ಲಿದೆ, ತರುತ್ತೇನೆ ಅಂದೆ. ಆಮೇಲೆ ಖಾಲಿ ಕುರ್ಚಿಗಳ ಮುಂದೆ ಒಂದು ಸಲ ಪೂರ್ತಿ ಓದಿದೆ. ಹಿಂದಿನ ಸಾಲಿನಲ್ಲಿ ಕಸ ಗುಡಿಸುತ್ತಿದ್ದಾಕೆ ಪೊರಕೆ ನಿಲ್ಲಿಸಿ, "ಬಾಯಲ್ಲಿ ಸೂಜಿ ಇಟ್ಕೊಂಡೇ ನನಗೂ ಬೈತಿದ್ರು" ಎಂದರು. ಅಷ್ಟು ದೂರಕ್ಕೆ ಕೇಳಿಸಿದೆ.

ಓದಿದ್ದು ನಿನ್ನೆಯ ಹಾಳೆಯನ್ನು. ಆ ನಾಲ್ಕು ಮಡಿಕೆಯದ್ದನ್ನು.

ಮಾರ್ಚ್ 16, ಭಾನುವಾರ, ಬೆಳಿಗ್ಗೆ ಏಳು

ಅಮ್ಮ ಇಸ್ತ್ರಿ ಮಾಡುತ್ತಿದ್ದಾಳೆ. ಮಂಚದ ಕೆಳಗಿನ ಹಳೆಯ ಸೂಟ್‌ಕೇಸನ್ನು ಎಳೆದು ಗೋಡೆಗೆ ಒರಗಿಸಿಟ್ಟಿದ್ದಾಳೆ, ಧೂಳು ಒರೆಸಿ.

ಆರೂವರೆಗೆ ಚಿಕ್ಕಮ್ಮನ ಮನೆಗೆ ಫೋನ್ ಮಾಡಿದೆ. ತಂಗಿ ಎತ್ತಿದಳು. ಅಮ್ಮನಿಗೆ ಕೊಡು ಅಂದೆ.

"ಕರೀತಿರೋದು ನಾನು, ಚಿಕ್ಕಮ್ಮ."

ಆ ಕಡೆಯಿಂದ, "ಅಣ್ಣ ಎದ್ದು ಹೋದ್ರೆ?"

"ಅವರ ಕುರ್ಚಿ ಹಾಗೇ ಇರುತ್ತೆ."

"ಅವಳ ಗೌನಿಗೆ ಅಂಚು ಹಾಕಿದೀನಿ," ಎಂದಳು ಚಿಕ್ಕಮ್ಮ. "ಬಿಳೀದು. ನೀಲಿ ನಮ್ಮಲ್ಲಿ ಇರಲಿಲ್ಲ." ಬರುತ್ತೇನೆ ಎನ್ನಲಿಲ್ಲ. ಅಷ್ಟು ಹೇಳಿ ಇಟ್ಟಳು.

ನಾನು ಓದಲಿರುವ ಹಾಳೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ಹದಿನೈದನೇ ವಯಸ್ಸಿನಲ್ಲಿ ಮನೆ ಹೊತ್ತ ಮಗ, ಎಲ್ಲವೂ ಕೇಳಿಸುತ್ತಿದ್ದರೂ ತಾಯಿಯ ಯಂತ್ರವನ್ನು ಒಂದು ದಿನವೂ ನಿಲ್ಲಿಸು ಅನ್ನಲಿಲ್ಲ ಎಂದು. ಅವರಿಗೆ ಸಿಟ್ಟು ಬರಬಹುದು. ಆದರೆ ಅದು ನಿಜ, ಅಜ್ಜಿಗೂ ಗೊತ್ತಿದ್ದಿರಬೇಕು.

ಮಾವ ತಿದ್ದಿದ ಕರಡನ್ನು ಅವರ ಮೇಜಿನ ಮೇಲೆ, ಕನ್ನಡಕದ ಕೆಳಗೆ ಇಟ್ಟು ಬಂದೆ. ನಾನು ಇದನ್ನು ಓದುವುದಿಲ್ಲ ಎಂದು ಮೇಲೆ ಬರೆದಿದ್ದೇನೆ. ಸಭೆಗೆ ಬರುವ ಮುಂಚೆ ಅವರಿಗೆ ತಿಳಿದಿರಬೇಕು. ನಂಬಿದವರು ಅವರು.

ಅಮ್ಮ ಈಗ ಬಂದು ನನ್ನ ಅಂಗಿ ಮಂಚದ ಮೇಲೆ ಹಾಸಿದಳು. "ಸ್ಟೂಲು ನೀನು ಹಿಡ್ಕೋ," ಎಂದಳು. "ಕುರ್ಚಿ ನಾನು ಎತ್ತುತೀನಿ." ಇನ್ನೆರಡು ಕುರ್ಚಿ ಹಾಕಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ.

ಸಭೆ ಹನ್ನೊಂದಕ್ಕೆ. ನಾವು ಎಂಟಕ್ಕೇ ಹೊರಡುತ್ತೇವೆ. ಮಾವ ಬರುವುದರೊಳಗೆ ಮುಂದಿನ ಸಾಲಿನಲ್ಲಿ ಆರು ಕುರ್ಚಿ ಇರಬೇಕು.